ಇಳಿದ ಕರೆಂಟಿನ ಹಾಡು

ಬಸ್ಸು ಮಸ್ಕಿ ಬಿಡುವ ಮೊದಲೇ ಕರಿಬಸಯ್ಯನಿಗೆ ಇಳಿದುಬಿಡಬೇಕೆನಿಸಿತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಬಿಸಿಲು ಇನ್ನೂ ಏರಿರಲಿಲ್ಲ, ಸಿಂಧನೂರು ಏನು ದೂರದ ಊರೂ ಅಲ್ಲ. ಇಳಿಯುವುದಕ್ಕೆ ಹೇಳಿಕೊಳ್ಳುವಂಥ ಕಾರಣವೇ ಇರಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಕ್ಯಾಸೆಟ್ಟು ಮಾತ್ರ ಎದೆಗೆ ಒತ್ತುತ್ತಿತ್ತು. ಚೀಲದಲ್ಲಿ ಹಾಕಿಕೊಂಡು ಬರಬಹುದಿತ್ತು, ಅವಸರದಲ್ಲಿ ಚೀಲವನ್ನೇ ಮರೆತು ಹೊರಟಿದ್ದ. ಹೊರಗಿನಿಂದ ನೋಡಿದರೆ ಇದರಲ್ಲಿ ಏನೂ ಇಲ್ಲ. ಜಂಗಮರ ಮನೆಯವನು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ, ಭಾನುವಾರ ಗೆಳೆಯನನ್ನು ನೋಡಲು ಹೊರಟಿದ್ದಾನೆ. ಕಂಡಕ್ಟರ್ ಪರಿಚಯದವನು, ‘ರಜಾ ದಿನ ಸಿಂಧನೂರೇನ್ರಿ ಸರ?’ ಎಂದು ನಕ್ಕ. ‘ಹೌದಪ, ಸ್ವಲ್ಪ ಕೆಲಸ ಐತಿ’ ಎಂದ ಕರಿಬಸಯ್ಯ. ಏನು ಕೆಲಸ ಎಂದು ಆತ ಮುಂದುವರಿಸಿದ್ದರೆ ಏನು ಹೇಳಬೇಕಿತ್ತು? ಕಿವಿ ಕೇಳದ ಒಬ್ಬನಿಗೆ ಹೋದ ತಿಂಗಳು ಹಾಡಿನ ಕ್ಯಾಸೆಟ್ಟೊಂದರ ಬಗ್ಗೆ ನನ್ನ ಅಭಿಪ್ರಾಯ ಹೇಳಿದ್ದೆ, ಅದು ಪೂರಾ ತಪ್ಪಾಗಿತ್ತು, ತಿದ್ದಿ ಬರಲು ಹೊರಟಿದ್ದೇನೆ ಎಂದೇ? ಮಾಸ್ತರಿಗೆ ತಲೆ ಕೆಟ್ಟಿದೆ ಎಂದುಕೊಂಡು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗುತ್ತಿದ್ದ. ಮಸ್ಕಿಯಲ್ಲಿ ಅಭಿಪ್ರಾಯ ಎಂದರೆ ಮುಂದಿನ ಎಲೆಕ್ಷನ್ನಿನದು, ಇಲ್ಲವೆ ಭತ್ತದ ದರದ್ದು. ಇಂಗ್ಲಿಷಿನಲ್ಲಿ ಯಾರೋ ನಾಲ್ವರು ಗಿಟಾರ್ ಕೆರೆದು ಮಾಡಿದ ಗದ್ದಲದ ಬಗ್ಗೆ ಒಬ್ಬ ಮನುಷ್ಯನಿಗೆ ಅಭಿಪ್ರಾಯ ಇರಬಹುದು, ಅದು ತಪ್ಪಾಗಬಹುದು, ತಪ್ಪಾದದ್ದಕ್ಕೆ ಬೆಳಗಿನ ರೊಟ್ಟಿ ಗಂಟಲಲ್ಲಿ ಇಳಿಯದೆ ಹೋಗಬಹುದು ಎಂದರೆ ಯಾರು ನಂಬುತ್ತಾರೆ. ಬಸ್ಸು ಹೊರಟಿತು. ಅವನು ಇಳಿಯಲಿಲ್ಲ.

ಈ ಗೀಳು ಹತ್ತಿದ್ದು ಲಿಂಗಸೂಗೂರಿನಲ್ಲಿ ಕಾಲೇಜು ಓದುವಾಗ, ಹತ್ತಿಸಿದವನು ರಹಿಮಾನ್. ಇಬ್ಬರೂ ಸೇರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಿದ್ದರು. ಜಂಗಮರ ಹುಡುಗ ಸಾಬರ ಹುಡುಗನ ಜೋಡಿ ಇರುವುದು ಹೇಗೆ ಎಂದು ಗುರುಗುಂಟಾದಲ್ಲಿ ಕರಿಬಸಯ್ಯನ ತಂದೆ ಮುಖ ಗಂಟು ಹಾಕಿಕೊಂಡಿದ್ದರು. ಒಮ್ಮೆ ರಹಿಮಾನ್ ಊರಿಗೆ ಬಂದು ಕಟ್ಟೆಯ ಮೇಲೆ ಕೂತು ನಾಲ್ಕು ಮಾತಾಡಿ ಹೋದ ಮೇಲೆ ಅವರೇ, ‘ಆ ಹುಡುಗನ್ನ ನೋಡಿ ಕಲಿಯೋ’ ಎನ್ನತೊಡಗಿದರು. ಕರಿಬಸಯ್ಯನೂ ಬೇರೇನು ಮಾಡಿದ, ಅವನನ್ನು ನೋಡಿಯೇ ಕಲಿತ. ರಹಿಮಾನನ ಅಣ್ಣ ಹಸನ್‌ಸಾಬ್ ದುಬೈಯಲ್ಲಿ ದುಡಿಯುತ್ತಿದ್ದ. ಅವನು ಒಂದು ಟೇಪ್ ರೆಕಾರ್ಡರ್ ಕಳಿಸಿದ್ದ, ಅದರ ಜೊತೆ ತನ್ನ ರೂಮಿನಲ್ಲಿದ್ದ ಫಿಲಿಪೈನ್ಸ್‌ನವನೊಬ್ಬ ಕೊಟ್ಟ ಒಂದಿಷ್ಟು ಕ್ಯಾಸೆಟ್ಟು. ಅವುಗಳಲ್ಲಿ ಬ್ರಿಕ್ ಲ್ಯಾಡರ್ ಎಂಬ ತಂಡದ್ದೂ ಒಂದಿತ್ತು. ಮೊದಲ ಸಲ ಕೇಳಿದಾಗ ಕರಿಬಸಯ್ಯನಿಗೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಕೇಳಿಸಿತು. ‘ಇದೇನ್ಲೇ ಗದ್ದಲ’ ಎಂದ. ರಹಿಮಾನ್ ಎದ್ದು ಹೋಗಿ ಲೈಟ್ ಆರಿಸಿದ. ‘ಕಣ್ಣಿಗೆ ಕೆಲಸ ಕೊಡಬ್ಯಾಡ. ಈಗ ಕೇಳು’ ಎಂದ. ಕತ್ತಲಲ್ಲಿ ಕೇಳಿದರೆ ಗದ್ದಲದ ಒಳಗೆ ಒಬ್ಬ ಮನುಷ್ಯ ಏನನ್ನೋ ಹುಡುಕುತ್ತ ಓಡಾಡುತ್ತಿದ್ದ, ಸಿಟ್ಟಿನಲ್ಲಿದ್ದ, ಮತ್ತು ಅವನ ಸಿಟ್ಟು ಕರಿಬಸಯ್ಯನಿಗೆ ತನ್ನದೇ ಎನಿಸಿತು. ಅಂದಿನಿಂದ ಲೈಟ್ ಆರಿಸದೆ ಇವನು ಯಾವ ಕ್ಯಾಸೆಟ್ಟನ್ನೂ ಕೇಳಿದವನಲ್ಲ. ಆದರೆ ಹಾಡು ಮುಗಿದ ಮೇಲೆ ರಹಿಮಾನ್, ‘ಹೆಂಗನಿಸ್ತು?’ ಎಂದು ಕೇಳಿದಾಗಲೆಲ್ಲ ಇವನು, ‘ನಿನಗ ಹೆಂಗನಿಸ್ತು, ಮೊದಲ ಹೇಳು’ ಎನ್ನುತ್ತಿದ್ದ. ರಹಿಮಾನ್ ಹೇಳುತ್ತಿದ್ದ: ಇಲ್ಲಿ ಡ್ರಮ್ಮಿನವ ಅವಸರ ಮಾಡ್ಯಾನ, ಇಲ್ಲಿ ಹಾಡಾವ ಬೇಕಂತನ ತಪ್ಪ್ಯಾನ, ಈ ಹಾಡು ಹಿಂದಿನದಕ್ಕ ಜವಾಬು. ‘ನನಗೂ ಹಂಗ ಅನಿಸ್ತು’ ಎನ್ನುತ್ತಿದ್ದ ಕರಿಬಸಯ್ಯ. ಎಷ್ಟೋ ವರ್ಷ ಅವನ ಅಭಿಪ್ರಾಯವೆಲ್ಲ ರಹಿಮಾನನ ಬಾಯಿಂದ ಇಸಿದುಕೊಂಡದ್ದೇ. ಅದು ರಹಿಮಾನನಿಗೂ ಗೊತ್ತಿತ್ತು, ಒಂದು ದಿನವೂ ಆಡಿ ತೋರಿಸಿರಲಿಲ್ಲ, ಆಡಿ ತೋರಿಸದೆ ಇದ್ದದ್ದೇ ಕರಿಬಸಯ್ಯನನ್ನು ಹೆಚ್ಚು ಕುಗ್ಗಿಸುತ್ತಿತ್ತು.

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಕೂಸನ್ನು ತೊಡೆಯ ಮೇಲೆ ಕುಣಿಸುತ್ತಿದ್ದಳು. ಕಾಲುವೆ ಬಂತು, ಗದ್ದೆ ಬಂತು, ಕಾಲುವೆಯ ದಂಡೆಗೆ ಸಾಲಾಗಿ ನಿಂತ ಪಂಪುಗಳು ಬಂದವು. ಈ ಪಂಪುಗಳನ್ನು ಎಷ್ಟೋ ಸಲ ನೋಡಿದ್ದರೂ ಇವತ್ತು ಅವುಗಳ ಮೇಲೆ ಸಿಟ್ಟು ಬಂತು. ಪಂಪಿನದೇನು ತಪ್ಪು. ರಹಿಮಾನನಿಗೆ ಕ್ಷಯ ಬಂದದ್ದೂ ಯಾರ ತಪ್ಪಲ್ಲ. ಲಗ್ನವಾಗಿ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ತೂಕ ನೋಡುವ ಕೆಲಸ ಹಿಡಿದು, ಬಾಳು ಒಂದು ದಾರಿಗೆ ಬಂತು ಎನ್ನುವಾಗ ಕೆಮ್ಮು ಶುರುವಾಯಿತು. ದಿನಾ ಇಂಜೆಕ್ಷನ್. ಆ ಇಂಜೆಕ್ಷನ್ ಜೀವ ಉಳಿಸಿತು, ಕಿವಿ ತೆಗೆದುಕೊಂಡಿತು. ಕೆಲವರಿಗೆ ಹಾಗಾಗುತ್ತದಂತೆ. ಒಮ್ಮೆಗೇ ಹೋಗಲಿಲ್ಲ, ಮೊದಲು ಸೈಕಲ್ಲಿನ ಗಂಟೆ ಕೇಳದಾಯಿತು, ಆಮೇಲೆ ಹೆಂಡತಿ ಮಾಬೂಬಿಯ ದನಿ, ಕೊನೆಗೆ ಗಂಡಸರ ಮಾತು. ‘ಹೆಂಡತಿ ದನಿ ಮೊದಲ ಹೋತು ನೋಡು, ಖುದಾ ಭಾಳ ದೊಡ್ಡಾವ’ ಎಂದು ನಗೆಯಾಡಿದ್ದ. ಆಗಿನ್ನೂ ಹಾಡು ಅಲ್ಪಸ್ವಲ್ಪ ಕೇಳುತ್ತಿತ್ತು. ಅದೂ ಹೋದ ಮೇಲೆ ನಗೆ ನಿಂತಿತು. ಗಿರಣಿಯಿಂದ ಬಂದವನೇ ಟೇಪ್ ರೆಕಾರ್ಡರಿಗೆ ಕೆನ್ನೆ ಹಚ್ಚಿ ಕೂರುತ್ತಿದ್ದ, ದನಿ ಪೂರಾ ಏರಿಸಿ. ಓಣಿಯವರು ಬಂದು ಮಾಬೂಬಿಗೆ ಬೈದು ಹೋಗುತ್ತಿದ್ದರು, ಅದು ಅವನಿಗೆ ಕೇಳುತ್ತಿರಲಿಲ್ಲ. ‘ಡಬ್ಬಿ ನಡುಗೋದು ಗೊತ್ತಾಗ್ತೈತಿ. ಎಲ್ಲಾ ಕಲಸಿ ನಡಗಸ್ತೈತಿ. ಹಾಡು ಯಾವುದು, ಡಬ್ಬಿ ಯಾವುದು ತಿಳಿಯಂಗಿಲ್ಲ’ ಎಂದು ಒಮ್ಮೆ ಹೇಳಿದ್ದ.

ಹೋದ ತಿಂಗಳು ಹಸನ್‌ಸಾಬ್ ರಜೆಗೆ ಬಂದವನು, ರೂಢಿ ತಪ್ಪದೆ, ಬ್ರಿಕ್ ಲ್ಯಾಡರಿನ ಹೊಸ ಕ್ಯಾಸೆಟ್ಟು ತಂದುಬಿಟ್ಟಿದ್ದ. ಪೆಟ್ಟಿಗೆ ಬಿಚ್ಚಿ ತಮ್ಮನ ಕೈಗೆ ಕೊಟ್ಟ ಮೇಲೆಯೇ ತಾನು ಏನು ಮಾಡಿದೆನೆಂದು ಅವನಿಗೆ ಹೊಳೆದದ್ದು. ರಹಿಮಾನ್ ಅಣ್ಣನಿಗೆ ಬೇಜಾರಾಗಬಾರದೆಂದು ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಚಲೋ ಐತಿ’ ಎಂದನಂತೆ. ಮರುದಿನ ಕರಿಬಸಯ್ಯ ಹೋದಾಗ ಅದನ್ನು ಇವನ ಮುಂದೆ ಇಟ್ಟ. ‘ಒಯ್ದು ಕೇಳು. ಕೇಳಿ ಬಂದು ನನಗ ಹೇಳು, ಹೆಂಗೈತಿ ಅಂತ.’ ಕಿವುಡರ ದನಿ ಅವರಿಗೆ ತಿಳಿಯುವುದಿಲ್ಲ. ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಆಮೇಲೆ, ಕೂಗಿದೆನೆಂದು ಇವನ ಮುಖದಿಂದಲೇ ತಿಳಿದುಕೊಂಡು, ತೀರ ಸಣ್ಣ ದನಿಯಲ್ಲಿ, ‘ನನ್ನ ಕೇಳಿ ಹೇಳಾಕ ಬರಂಗಿಲ್ಲ ಈ ಸಲ. ನಿಂದ ಹೇಳಬೇಕು’ ಎಂದ. ಕರಿಬಸಯ್ಯನ ಕಿವಿ ಬಿಸಿಯಾದವು. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತನ್ನು ಅವನು ಹೀಗೆ, ಸಿಟ್ಟಿಲ್ಲದೆ, ಬೇಡುವವನ ಹಾಗೆ ಆಡಿಬಿಟ್ಟಿದ್ದ.

ಆ ಸಂಜೆ ಮಸ್ಕಿಯ ಮನೆಯಲ್ಲಿ ಕರಿಬಸಯ್ಯ ಒಳಖೋಲಿಯ ಬಾಗಿಲು ಹಾಕಿಕೊಂಡ, ಕಿಟಕಿ ಹಾಕಿದ, ಲೈಟ್ ಆರಿಸಿ ತನ್ನ ಟೇಪ್ ರೆಕಾರ್ಡರಿನ ಮುಂದೆ ನೆಲದ ಮೇಲೆ ಕೂತ. ಆಲ್ಬಮ್ಮಿಗೆ ಹೆಸರೇ ಇರಲಿಲ್ಲ. ಕವರಿನ ಮೇಲೆ ಮೊಣಕಾಲಮಟ ನೀರು ನಿಂತ ಒಂದು ಖೋಲಿಯ ಚಿತ್ರ. ಮೊದಲನೆಯ ಹಾಡು ಶುರುವಾದಾಗ ಇದು ಅವರೇ ಹೌದೋ ಅಲ್ಲವೋ ಎನಿಸಿತು. ಗಿಟಾರ್ ಗಿಟಾರಿನ ಹಾಗಿರಲಿಲ್ಲ, ಯಾರೋ ಕಬ್ಬಿಣದ ಮಂಚವನ್ನು ಕಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಡ್ರಮ್ಮು ಬೀಳುತ್ತಿತ್ತು, ಮತ್ತೆ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಹಾಡುವವನ ದನಿ ದಪ್ಪಗಾಗಿ ಬಾವಿಯ ತಳಕ್ಕೆ ಇಳಿದಿತ್ತು, ಒಂದೇ ಸಾಲನ್ನು ಹೇಳುತ್ತಿದ್ದ, ಹೇಳಿದ್ದನ್ನೇ ಹೇಳುತ್ತಿದ್ದ, ನಡುನಡುವೆ ಹಾಡೇ ನಿಂತು ಬರೀ ಉಸಿರು ಕೇಳುತ್ತಿತ್ತು. ಪ್ರಯೋಗ ಮಾಡುತ್ತಿದ್ದಾರೆ ಎಂದುಕೊಂಡ. ಎರಡನೆಯ ಹಾಡಿನ ಹೊತ್ತಿಗೆ ಬೇಸರ ಬಂತು, ಮೂರನೆಯದರಲ್ಲಿ ಬೇಸರವೇ ಬೇರೆ ಏನೋ ಆಯಿತು. ಅವರೂ ದಣಿದಿದ್ದಾರೆ. ಆ ಸಿಟ್ಟು, ಆ ಓಟ ಎಲ್ಲ ಮುಗಿದು ಈಗ ಕಾಲೆಳೆಯುತ್ತಿದ್ದಾರೆ, ಕಾಲೆಳೆಯುವುದನ್ನು ಮುಚ್ಚಿಡುತ್ತಿಲ್ಲ. ಕರಿಬಸಯ್ಯ ಕತ್ತಲಲ್ಲಿ ಅತ್ತ. ಹತ್ತು ವರ್ಷದಿಂದ ಅದೇ ಪಾಠ, ಅದೇ ಬೋರ್ಡು, ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ತರ ನರಸಣ್ಣ ‘ಬರ್ರಿ ಬರ್ರಿ, ಇಂಗ್ಲಿಷ್ ಭಜನಿ ಅಯ್ನೋರು ಬಂದ್ರು’ ಎನ್ನುವುದು, ತಾನೂ ಎಲ್ಲರ ಜೊತೆ ನಗುವುದು, ಮನೆಗೆ ಬಂದು ಹೆಂಡತಿ ಪಾರ್ವತೆಮ್ಮ ಕೇಳಿದ್ದಕ್ಕೆ ಹೂಂ ಊಹೂಂ ಎನ್ನುವುದು. ಯಾರಿಗೂ ಹೇಳಲಾಗದ ಈ ಸುಸ್ತನ್ನು ಯಾವುದೋ ದೇಶದಲ್ಲಿ ನಾಲ್ವರು ಕೂತು ಹಾಡು ಮಾಡಿದ್ದರು. ನಡುವೆ ಪಾರ್ವತೆಮ್ಮ ಬಾಗಿಲು ಬಡಿದು ಏನೋ ಕೂಗಿದಳು. ಅವನು ಏಳಲಿಲ್ಲ. ಮುಂದಿನ ಕೆಲವು ಸಂಜೆ ಸ್ಕೂಲಿನಿಂದ ಬಂದು ಅದನ್ನೇ ಕೇಳಿದ, ಬಾಯಿಪಾಠವಾಗುವಷ್ಟು ಕೇಳಿದ.

ರಹಿಮಾನನ ಮುಂದೆ ಕೂತಾಗ ಅವನಿಗೆ ಮಾತು ಹುಡುಕಬೇಕಾಗಲೇ ಇಲ್ಲ. ತುಟಿ ಚೆನ್ನಾಗಿ ಆಡಿಸಿ ಹೇಳಿದರೆ ರಹಿಮಾನ್ ಹಳಬರ ಮಾತು ಹಿಡಿಯುತ್ತಿದ್ದ. ‘ಅವರಿಗೂ ವಯಸ್ಸಾಗೈತಿ ಲೇ’ ಎಂದು ಶುರು ಮಾಡಿದ. ‘ಎಲ್ಲಾ ಎಳದೆಳದು ಬಾರಿಸ್ಯಾರ. ಹಾಡಾವನ ದನಿ ಪೂರಾ ಇಳಿದೈತಿ. ಮೂರನೇ ಹಾಡಂತೂ, ಹೆಣದ ಹಿಂದ ಮಂದಿ ನಡೀತಾರಲ್ಲ, ಹಂಗ.’ ಹೇಳುತ್ತ ಹೋದಂತೆ ಅವನಿಗೆ ಅಮಲು ಬಂದಂತಾಯಿತು. ಕೇಳುವವನಿಗೆ ಬೇರೆ ದಾರಿಯೇ ಇಲ್ಲ, ತನ್ನ ತುಟಿಯನ್ನೇ ನೋಡುತ್ತಿದ್ದಾನೆ, ತಾನು ಹೇಳಿದ್ದೇ ಆಲ್ಬಮ್ಮು. ಇನ್ನೂ ಒಂದೆರಡು ಮಾತು ಸೇರಿಸಿದ, ಸೇರಿಸಿದ್ದೂ ನಿಜವೆನಿಸಿತು. ರಹಿಮಾನ್ ಪೂರಾ ಕೇಳಿ, ತೊಡೆಗೆ ಫಟ್ಟನೆ ಬಡಿದುಕೊಂಡು ನಕ್ಕ. ‘ಹಂಗಾದ್ರ ನಾ ಏನೂ ಕಳಕೊಂಡಿಲ್ಲ ಬಿಡು!’ ಎಂದ. ಆಮೇಲೆ ಎದ್ದು ಟೇಪ್ ರೆಕಾರ್ಡರನ್ನು ಒಂದು ಹಳೆಯ ಚಾದರಿನಲ್ಲಿ ಸುತ್ತಿ ಅಲಮಾರಿನ ಮೇಲೆ ಇಟ್ಟ. ‘ಕಿವಿ ಹೋಗೂಕ್ಕಿಂತ ಮೊದಲ ಚಲೋದು ಎಲ್ಲಾ ಕೇಳಿ ಆಗೈತಿ ನಂದು. ಹಿಂದ ಉಳದದ್ದು ಹೆಣದ ಮೆರವಣಿಗಿ. ಅದು ಕೇಳದಿದ್ರ ಏನಾತು.’ ಹಿಂದಿರುಗುವ ಬಸ್ಸಿನಲ್ಲಿ ಕರಿಬಸಯ್ಯನಿಗೆ ಬಹಳ ದಿನಗಳ ಮೇಲೆ ನೆಮ್ಮದಿಯೆನಿಸಿತ್ತು. ಒಬ್ಬ ಮನುಷ್ಯನಿಗೆ ತನ್ನ ಮಾತು ಔಷಧವಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದ.

ಆ ಹಿಗ್ಗು ಇವತ್ತು ಬೆಳಿಗ್ಗೆ ಇಳಿಯಿತು. ನಿನ್ನೆಯಿಂದ ಕರೆಂಟ್ ಇರಲಿಲ್ಲ. ಪಾರ್ವತೆಮ್ಮ ತನ್ನ ಭಜನೆಯ ಕ್ಯಾಸೆಟ್ಟು ಹಾಕಿಕೊಡಿರೆಂದು ಕೇಳಿದಳೆಂದು ಅಂಗಡಿಗೆ ಹೋಗಿ ಟೇಪಿಗೆ ಹೊಸ ಸೆಲ್ ತಂದು ಹಾಕಿದ್ದ. ಭಜನೆ ಮುಗಿಸಿ ಆಕೆ ನೀರು ತುಂಬಲು ಹೋದಳು. ಮನೆ ಖಾಲಿಯಾಯಿತಲ್ಲ, ಮತ್ತೊಮ್ಮೆ ಆ ಸುಸ್ತಿನ ಹಾಡು ಕೇಳೋಣವೆಂದು ತನ್ನ ಕ್ಯಾಸೆಟ್ಟು ಹಾಕಿದ. ಕೈ ಬಟನ್ನಿನ ಮೇಲೆಯೇ ನಿಂತಿತು. ಯಾರೋ ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿದ ಹಾಗೆ ಹಾಡು ಬಂತು. ಡ್ರಮ್ಮು ಯೋಚಿಸುತ್ತಿರಲಿಲ್ಲ, ಓಡುತ್ತಿತ್ತು. ಕಬ್ಬಿಣ ಎಳೆದದ್ದೆಂದುಕೊಂಡಿದ್ದ ಸದ್ದು ಗಿಟಾರಿನದೇ, ಹಿಂದೆಂದೂ ಕೇಳದಂಥ ಗಿಟಾರು, ಕೂಗುತ್ತ ನಗುತ್ತ ಇತ್ತು. ಹಾಡುವವನ ದನಿಗೆ ಒಂದು ದಿನವೂ ವಯಸ್ಸಾಗಿರಲಿಲ್ಲ. ಸೆಲ್ಲೇ ಏನೋ ಹೆಚ್ಚು ಓಡಿಸುತ್ತಿದೆ ಎಂದುಕೊಂಡು ಅವಸರದಲ್ಲಿ ಹೆಂಡತಿಯ ಭಜನೆಯನ್ನು ಮತ್ತೆ ಹಾಕಿದ; ಅದು ಎಷ್ಟು ಬೇಕೋ ಅಷ್ಟೇ ನಿಧಾನಕ್ಕೆ ಸಾಗಿತು. ತನ್ನ ಕ್ಯಾಸೆಟ್ಟು ಹಾಕಿದ, ಅದು ಓಡಿತು. ಆಗ ತಿಳಿಯಿತು. ಬೇಸಿಗೆಯ ಭತ್ತದ ದಿನಗಳಲ್ಲಿ ಸಂಜೆ ಕಾಲುವೆಯ ಪಂಪೆಲ್ಲ ಒಟ್ಟಿಗೆ ಶುರುವಾದರೆ ಊರಿನ ಕರೆಂಟ್ ಇಳಿಯುತ್ತದೆ, ಬಲ್ಬು ಕೆಂಪಗಾಗುತ್ತದೆ, ಫ್ಯಾನು ತಿರುಗಲೋ ಬೇಡವೋ ಎನ್ನುತ್ತದೆ. ಸಣ್ಣ ಕೂಸಿಗೂ ಗೊತ್ತಿರುವ ಸಂಗತಿ. ಬಲ್ಬು ಕೆಂಪಗಾದದ್ದು ಕಂಡಿದ್ದರೆ ಟೇಪೂ ಎಳೆಯುತ್ತಿದೆಯೆಂದು ಅವನಿಗೂ ಹೊಳೆಯುತ್ತಿತ್ತು. ಆದರೆ ಅವನು ಲೈಟ್ ಆರಿಸಿಕೊಂಡು ಕೂತಿದ್ದ. ಹಳೆಯ ಹಾಡಾಗಿದ್ದರೆ ಎರಡು ಸಾಲಿಗೇ ಸಿಕ್ಕಿಬೀಳುತ್ತಿತ್ತು; ಇದು ಹೊಸದು, ಅದರ ಸರಿಯಾದ ನಡಿಗೆ ಇವನಿಗೇನು ಗೊತ್ತು. ನೀರು ತಂದ ಪಾರ್ವತೆಮ್ಮನನ್ನು, ‘ಆ ದಿನ ಬಾಗಲಾ ಬಡದು ಏನ ಅಂದಿದ್ದಿ?’ ಎಂದು ಕೇಳಿದ. ‘ಯಾ ದಿನ? ಓ, ಅದಾ. ಕರೆಂಟ್ ಇಳಿದೈತ್ರಿ, ಮಿಶಿನ್ ಬಂದ್ ಮಾಡ್ರಿ, ಸುಟ್ಟು ಹೋದೀತು ಅಂದೆ. ನೀವು ಎಲ್ಲಿ ಕೇಳ್ತೀರಿ’ ಎಂದು ಕೊಡ ಇಳಿಸಿ ಒಳಗೆ ಹೋದಳು.

ಎರಡೂ ಕಡೆ ಪೂರಾ ಕೇಳಿದ, ಬಿಸಿಲಿಗೆ ಬಾಗಿಲು ತೆರೆದಿಟ್ಟುಕೊಂಡೇ ಕೇಳಿದ. ಸಂತೋಷ ಆಯಿತು ಎಂದರೆ ಸಾಲದು. ಅವರು ಮಾಡಿದ್ದರಲ್ಲೆಲ್ಲ ಇದೇ ದೊಡ್ಡದು. ಮೂರನೆಯ ಹಾಡು ಹೆಣದ ಮೆರವಣಿಗೆಯಲ್ಲ, ಅದರಲ್ಲಿ ಎರಡು ತಾಳ ಒಂದರ ಮೇಲೊಂದು ಬಿದ್ದು ಜಗಳಾಡಿ ಕೊನೆಗೆ ಒಂದಾಗಿ ಕುಣಿಯುತ್ತಿದ್ದವು. ಸಂತೋಷದ ಬೆನ್ನಿಗೇ ನಾಚಿಕೆ ಬಂತು. ಅವರು ದಣಿದಿರಲಿಲ್ಲ. ದಣಿದವನು ತಾನೊಬ್ಬನೇ. ಊರಿನ ಕರೆಂಟು ತನಗೆ ಬೇಕಾದ ಹಾಡನ್ನು ಮಾಡಿಕೊಟ್ಟಿತ್ತು, ತಾನು ಅದನ್ನು ತಬ್ಬಿಕೊಂಡು ಅತ್ತಿದ್ದ, ಅಷ್ಟೇ ಅಲ್ಲದೆ ಒಯ್ದು ಇನ್ನೊಬ್ಬನಿಗೂ ಕುಡಿಸಿ ಬಂದಿದ್ದ. ಜೀವನದಲ್ಲಿ ಒಂದೇ ಒಂದು ಸಲ ಸ್ವಂತದ್ದೊಂದು ಅಭಿಪ್ರಾಯ ಹೇಳಿದ್ದ. ಅದರ ಗತಿ ಹೀಗಾಯಿತು. ಬಸ್ಸಿನಲ್ಲಿ ಕೂತು ಈಗ ತನ್ನನ್ನೇ ಕೇಳಿಕೊಂಡ: ಹೇಳಲೇಬೇಕೇನು? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಸನ್‌ಸಾಬನಿಗೆ ಆ ಹಾಡು ಬೇಡ, ರಹಿಮಾನನಿಗೆ ಕಿವಿಯಿಲ್ಲ. ಏನೂ ಕಳೆದುಕೊಂಡಿಲ್ಲ ಎಂದುಕೊಂಡು ಅವನು ಆರಾಮಾಗಿದ್ದಾನೆ. ಹೇಳಿದರೆ ಕಳೆದುಕೊಂಡದ್ದನ್ನು ಮನೆಗೆ ಹೋಗಿ ಎಣಿಸಿ ಕೊಟ್ಟ ಹಾಗೆ. ಸುಳ್ಳು ಹೇಳಬಾರದು, ಅದಕ್ಕೇ ಹೊರಟಿದ್ದೇನೆ ಎಂದು ಮನೆ ಬಿಡುವಾಗ ಹೇಳಿಕೊಂಡಿದ್ದ. ಬಸ್ಸು ಅರ್ಧ ದಾರಿ ಬಂದಾಗ ಅದೂ ಪೂರಾ ನಿಜವಲ್ಲವೆಂದು ತಿಳಿಯಿತು. ಈ ಆಲ್ಬಂ ಹೀಗಿದೆ ಎಂದು ಯಾರಿಗಾದರೂ ಹೇಳಲೇಬೇಕಾಗಿತ್ತು, ಹೇಳದೆ ಇರಲಾಗುತ್ತಿರಲಿಲ್ಲ. ಪಾರ್ವತೆಮ್ಮನಿಗೆ ಕೇಳಿಸಿದರೆ, ‘ಚಲೋ ಐತ್ರಿ’ ಎಂದು ಅಕ್ಕಿ ಆರಿಸುತ್ತಾಳೆ. ನರಸಣ್ಣನಿಗೆ ಹೇಳಿದರೆ ಒಂದು ವಾರ ನಗುತ್ತಾನೆ. ಲಿಂಗಸೂಗೂರು, ಮಸ್ಕಿ, ಸಿಂಧನೂರು ಮೂರೂ ಜಾಲಾಡಿದರೂ ಇದು ತಿಳಿಯುವವನು ಒಬ್ಬನೇ, ಅವನಿಗೇ ಇದು ತಿಳಿಯಬಾರದು. ತನ್ನ ಸಂತೋಷ ಇಳಿಸಿಕೊಳ್ಳಲು ಅವನ ನೆಮ್ಮದಿ ಕೆಡಿಸಲು ಹೊರಟಿದ್ದೇನೆ ಎಂದುಕೊಂಡ. ಆದರೂ ಸಿಂಧನೂರು ಬಂದಾಗ ಎಲ್ಲರಿಗಿಂತ ಮೊದಲು ಇಳಿದ.

ಬಾಗಿಲಲ್ಲೇ ಮಾಬೂಬಿ ಸಿಕ್ಕಳು. ಸಾಲಗುಂದದ ಹೆಣ್ಣುಮಗಳು, ಮಾತು ಕಡಿಮೆ; ರಹಿಮಾನನ ಕಿವಿ ಹೋದ ಮೇಲೆ ಇನ್ನೂ ಕಡಿಮೆಯಾಗಿತ್ತು. ‘ಬರ್ರಿ ಅಯ್ನೋರ, ಜಳಕ ಮಾಡಾಕತ್ತಾರ, ಬರ್ತಾರ’ ಎಂದು ಚಾಪೆ ಹಾಸಿದಳು. ಒಳಗೆ ಹೋಗುವವಳು ನಿಂತಳು. ‘ನೀವು ಆ ದಿನ ಏನ ಹೇಳಿದ್ರೋ ನನಗ ತಿಳಿಯಂಗಿಲ್ಲ. ಆದ್ರ ಅವತ್ತಿನಿಂದ ಹೊಟ್ಟಿತುಂಬ ಉಣ್ಣಾಕತ್ತಾರ. ನಿದ್ದಿ ಮಾಡಾಕತ್ತಾರ. ಆ ಡಬ್ಬಿ ಕೆಳಗ ಇಳಿಸಿಲ್ಲ’ ಎಂದಳು. ಅವಳ ಕಣ್ಣು ಇವನ ಅಂಗಿಯ ಜೇಬಿನ ಮೇಲೆ ನಿಂತಿತು. ‘ಅದರ ಸುದ್ದಿ ಮತ್ತ ತಗೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.’ ಕರಿಬಸಯ್ಯ, ‘ಇಲ್ಲವ್ವ, ಇಲ್ಲ’ ಎಂದ. ಅಂದದ್ದು ಕೇಳಿ ಅವನಿಗೇ ಹಗುರವಾಯಿತು. ಆಯಿತು, ಮುಗಿಯಿತು, ಚಹ ಕುಡಿದು ಹೋಗಿಬಿಡುವುದು. ಕ್ಯಾಸೆಟ್ಟನ್ನು ಜೇಬಿನಿಂದ ತೆಗೆದು ತೊಡೆಯ ಕೆಳಗೆ ಸರಿಸಿಕೊಂಡ.

ರಹಿಮಾನ್ ಬನಿಯನ್, ಲುಂಗಿ ತೊಟ್ಟು ತಲೆ ಒರೆಸಿಕೊಳ್ಳುತ್ತ ಬಂದ. ಮೈ ಕೈ ತುಂಬಿಕೊಂಡಿತ್ತು. ‘ಬಂದೇನ್ಲೇ!’ ಎಂದು ಕೂಗಿ ಎದುರಿಗೆ ಕೂತ. ಗಿರಣಿಯ ಸುದ್ದಿ ಹೇಳಿದ: ಒಳಗೆ ಮಿಶಿನ್ ಶುರುವಾದರೆ ಅಲ್ಲಿ ಎಲ್ಲರೂ ಸನ್ನೆಯಲ್ಲೇ ಮಾತಾಡಬೇಕು, ಅಲ್ಲಿ ಇವನೇ ಎಲ್ಲರಿಗಿಂತ ಜಾಣ, ಸಾಹುಕಾರನಿಗೂ ಇವನೇ ಹೇಳಿಕೊಡಬೇಕು. ಮಾಬೂಬಿ ಚಹ ತಂದಿಟ್ಟು ಹೊಸ್ತಿಲಲ್ಲಿ ಕೂತಳು. ಚಹ ಕುಡಿಯುತ್ತ ರಹಿಮಾನ್, ‘ಆ ಮೂರನೇ ಹಾಡಿಂದು ಇನ್ನೊಮ್ಮಿ ಹೇಳಲೇ. ಹೆಣದ್ದು’ ಎಂದ. ಕತೆ ಕೇಳುವ ಮಕ್ಕಳ ಹಾಗೆ ಮುಂದಕ್ಕೆ ಬಾಗಿ ಇವನ ತುಟಿ ನೋಡತೊಡಗಿದ. ಕರಿಬಸಯ್ಯ ಬಾಯಿ ತೆರೆದ. ಹೇಳಿದ್ದನ್ನೇ ಹೇಳಿದರಾಗಿತ್ತು, ಎರಡು ಮಾತು. ತಲೆಯ ಒಳಗೆ ಆ ಎರಡು ತಾಳ ಓಡುತ್ತಿದ್ದವು, ಅವುಗಳ ಮೇಲೆ ಹೆಣ ಎಂಬ ಮಾತು ಕೂರಲಿಲ್ಲ. ಬಾಯಿ ಮುಚ್ಚಿದ. ‘ಯಾಕ್ಲೇ, ತುಟಿ ಹೊಲಕೊಂಡಿ?’ ಎಂದ ರಹಿಮಾನ್. ಕರಿಬಸಯ್ಯ ಮಾಬೂಬಿಯ ಕಡೆ ನೋಡಲಿಲ್ಲ. ‘ತಪ್ಪು ಹೇಳಿದ್ದೆ’ ಎಂದ.

‘ಮೆಲ್ಲಕ ಹೇಳು.’

‘ನಾ ಹೇಳಿದ್ದು ತಪ್ಪು. ಕರೆಂಟ್ ಇಳಿದಿತ್ತು. ಟೇಪ್ ಎಳೀತಿತ್ತು. ನಾ ಲೈಟ್ ಆರಿಸಿ ಕುಂತಿದ್ದೆ, ಗೊತ್ತಾಗಲಿಲ್ಲ.’ ತುಟಿಯ ಜೊತೆ ಕೈಯಿಂದಲೂ ತೋರಿಸಿದ, ಬಲ್ಬು, ಪಂಪು, ನಿಧಾನ ತಿರುಗುವ ಚಕ್ರ. ರಹಿಮಾನನಿಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದದ್ದೇ ಜೋರಾಗಿ ನಕ್ಕ, ಕಪ್ಪಿನ ಚಹ ತುಳುಕುವಷ್ಟು ನಕ್ಕ. ‘ಹುಚ್ಚ್ ಸೂಳೆಮಗನ, ಪಂಪಿನ ಹಾಡು ಕೇಳಿ ಅತ್ತು ಬಂದಿಯೇನು!’ ಕರಿಬಸಯ್ಯನೂ ನಕ್ಕ. ಇಲ್ಲಿಗೇ ನಿಂತರೆ ಎಷ್ಟು ಚೆನ್ನ ಎನಿಸಿತು. ರಹಿಮಾನನ ನಗೆ ಒಮ್ಮೆಗೇ ನಿಂತಿತು. ‘ಹಂಗಾದ್ರ ಖರೇನ ಹೆಂಗೈತಿ?’ ಎಂದ.

ಸಾಧಾರಣ ಐತಿ ಎನ್ನಬಹುದಿತ್ತು. ಮಾಬೂಬಿ ಹೊಸ್ತಿಲಲ್ಲಿ ತಲೆ ಅಡ್ಡಡ್ಡ ಆಡಿಸುತ್ತಿದ್ದಳು, ಅವಳ ಕಡೆ ನೋಡದೆಯೂ ಅದು ಅವನಿಗೆ ಕಾಣುತ್ತಿತ್ತು. ‘ಇಲ್ಲೀತನಕ ಅವರು ಮಾಡಿದ್ದರಾಗ ಇದ ಚಲೋದು’ ಎಂದ. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಗಿಟಾರಿನ ಬಗ್ಗೆ ಹೇಳಿದ, ದನಿಯ ಬಗ್ಗೆ ಹೇಳಿದ, ಹಾಡಿನ ನಡುವೆ ಎಲ್ಲ ಬಿಟ್ಟು ಬರೀ ಉಸಿರು ಬಿಡುತ್ತಾರೆ, ಓಡಿ ಬಂದವರ ಉಸಿರು ಅದು, ದಣಿದವರದಲ್ಲ ಎಂದ. ತುಟಿ ಎಷ್ಟು ಅವಸರ ಮಾಡಿತೆಂದರೆ ರಹಿಮಾನನಿಗೆ ಅರ್ಧವೂ ಸಿಕ್ಕಿರಲಾರದು. ಅವನು ನಿಲ್ಲಿಸು ಎನ್ನಲಿಲ್ಲ. ಮುಖದ ಮೇಲಿನ ಕಳೆ ಮಾತ್ರ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಯಿತು. ಕರಿಬಸಯ್ಯನ ಮಾತು ಮುಗಿದ ಮೇಲೆ ಕಪ್ಪನ್ನು ನೆಲಕ್ಕಿಟ್ಟು, ‘ನೀ ಹೇಳದಿದ್ರೂ ನಡೀತಿತ್ತು’ ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕರಿಬಸಯ್ಯ ಕಾಲಿಗೆ ಬೀಳುತ್ತಿದ್ದ.

ಆಮೇಲೆ ರಹಿಮಾನ್ ಕೂತಲ್ಲೇ ತಿರುಗಿ ಗೋಡೆಗೆ ಮುಖ ಮಾಡಿದ. ಇವನ ಮೋರೆ ನೋಡಲಾರದೆ ತಿರುಗಿದನೆಂದು ಕರಿಬಸಯ್ಯ ಏಳಲು ಹೋದ. ರಹಿಮಾನ್ ಬನಿಯನ್ನನ್ನು ಕುತ್ತಿಗೆಯತನಕ ಮೇಲೆ ಸರಿಸಿ ಬೆನ್ನು ಬಗ್ಗಿಸಿ, ‘ಬಾರಿಸು’ ಎಂದ. ‘ನಿನಗ ಬಾಯಿಪಾಠ ಆಗಿರಬೇಕಲ್ಲ. ಮೊದಲನೇದರಿಂದ ಬಾರಿಸು.’

ಕರಿಬಸಯ್ಯ ಮೊದಲು ಬರೀ ಬೆರಳಿನಿಂದ, ಆಮೇಲೆ ಅಂಗೈಯಿಂದ ಬಾರಿಸತೊಡಗಿದ. ಬಾಯಿಪಾಠವಾಗಿದ್ದು ಹೌದು, ಆದರೆ ಅದು ಎಳೆದ ಹಾಡು, ಕೈ ಮತ್ತೆ ಮತ್ತೆ ಹಳೆಯ ನಡಿಗೆಗೆ ಬೀಳುತ್ತಿತ್ತು. ಒಂದು ಸಲ ಹಾಗೆ ಬಿದ್ದಾಗ ರಹಿಮಾನ್, ‘ಇದು ಖರೆ ಹಾಡೋ, ಪಂಪೋ?’ ಎಂದ. ಕರಿಬಸಯ್ಯ ಹಲ್ಲು ಕಚ್ಚಿ ಜೋರು ಮಾಡಿದ. ಡ್ರಮ್ಮನ್ನು ಬಲಗೈಯಿಂದ, ಗಿಟಾರನ್ನು ಎಡಗೈಯ ಉಗುರಿನಿಂದ ಭುಜದ ಮೇಲೆ ಕೆರೆದು, ಉಸಿರಿನ ಜಾಗದಲ್ಲಿ ಅಂಗೈಯನ್ನು ಬೆನ್ನಿಗೆ ಸುಮ್ಮನೆ ಒತ್ತಿ ಹಿಡಿದು. ತಾನು ಏನು ಮಾಡುತ್ತಿದ್ದೇನೆಂದು ಯಾರಾದರೂ ನೋಡಿದ್ದರೆ ನಾಚಿಕೆಯಿಂದ ಸಾಯುತ್ತಿದ್ದ. ಈಗ ನಾಚಿಕೆಗೆ ಪುರುಸೊತ್ತಿರಲಿಲ್ಲ. ಎರಡನೆಯ ಹಾಡಿಗೆ ರಟ್ಟೆ ಸೋತಿತು. ಮೂರನೆಯದು ಶುರುವಾಯಿತು, ಎರಡು ತಾಳ, ಎರಡು ಕೈ, ಒಂದನ್ನೊಂದು ಕೆಡಿಸದ ಹಾಗೆ ನಡೆಸುವುದೇ ಕಷ್ಟ. ರಹಿಮಾನನ ಬೆನ್ನು ಕೆಂಪಗಾಗಿತ್ತು. ಅವನು ಅಲುಗಾಡಲಿಲ್ಲ. ಇಷ್ಟವಾಗುತ್ತಿದೆಯೋ ಇಲ್ಲವೋ ತಿಳಿಯಲು ಕರಿಬಸಯ್ಯನಿಗೆ ಆ ಬೆನ್ನೊಂದೇ ಇತ್ತು, ಬೆನ್ನು ನೋಡಿ ಏನು ತಿಳಿಯುತ್ತದೆ.

ಹೊಸ್ತಿಲಿನಿಂದ ರಹಿಮಾನನ ಮುಖ ಓರೆಯಾಗಿ ಕಾಣುತ್ತಿತ್ತು. ‘ಸಾಕು ಮಾಡ್ರಿ ಅಯ್ನೋರ’ ಎಂದಳು ಮಾಬೂಬಿ. ‘ಅವರು ಅಳಾಕತ್ತಾರ.’

ಕರಿಬಸಯ್ಯನ ಕೈ ನಿಂತವು. ಹೊರಗೆ ಓಣಿಯಲ್ಲಿ ಯಾರೋ ಎತ್ತಿಗೆ ಬೈಯುತ್ತಿದ್ದರು. ಮಾಬೂಬಿ ಹೇಳಿದ್ದು ರಹಿಮಾನನಿಗೆ ಕೇಳಿರಲಿಲ್ಲ. ಗೋಡೆಗೆ ಮುಖ ಮಾಡಿಯೇ, ಎಷ್ಟು ಜೋರು ಎಂದು ತಿಳಿಯದೆ, ಓಣಿಯವನೂ ಬೈಯುವುದನ್ನು ನಿಲ್ಲಿಸುವಷ್ಟು ಜೋರಾಗಿ ಕೇಳಿದ:

‘ಯಾಕ ನಿಲ್ಲಿಸಿದಿ? ಹಾಡು ಮುಗೀತೇನು?’

ಮುಗಿದಿರಲಿಲ್ಲ. ಕರಿಬಸಯ್ಯ ಮಾಬೂಬಿಯ ಕಡೆ ನೋಡಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬಾರಿಸಿರೆಂದು ಕೈಸನ್ನೆ ಮಾಡಿದಳು.